ಕನ್ನಡದ ಎಸ್ಸೆಮ್ಮೆಸ್ ಎಪ್ಪತ್ತಕ್ಕೇ ಏಕೆ ಮುಗಿಯುತ್ತದೆ?

ಇಂಗ್ಲಿಷಿನಲ್ಲಿ ಎಸ್ಸೆಮ್ಮೆಸ್ ಬರೆಯಲು ಕೂತರೆ 160 ಅಕ್ಷರಗಳ ಜಾಗ ಸಿಗುತ್ತದೆ. ನಡುವೆ ಒಂದೇ ಒಂದು ಕನ್ನಡ ಅಕ್ಷರ ಸೇರಿಸಿ ನೋಡಿ, ಮಿತಿ ಒಮ್ಮೆಲೇ 70ಕ್ಕೆ ಇಳಿಯುತ್ತದೆ. ಅದನ್ನು ದಾಟಿದರೆ ಸಂದೇಶ ಎರಡಾಗಿ, ಮೂರಾಗಿ ಒಡೆಯುತ್ತದೆ. ಸಾಮಾನ್ಯವಾಗಿ ಲೆಕ್ಕ ಹಿಡಿಯುವುದೂ ಆ ತುಂಡುಗಳನ್ನೇ. ಬಿಟ್, ಬೈಟ್, ಎನ್‌ಕೋಡಿಂಗ್ ಎಂಬ ಮೂರು ಪದ ಗೊತ್ತಿದ್ದರೆ ಇದರ ಒಳಗುಟ್ಟು ತಿಳಿಯುತ್ತದೆ.

ಬಿಟ್ ಅಂದರೆ ಒಂದು ಸೊನ್ನೆ ಅಥವಾ ಒಂದು ಒಂದು. ಅಂಥ ಎಂಟು ಸೇರಿದರೆ ಬೈಟ್. ಬ್ರಾಡ್‌ಬ್ಯಾಂಡ್ ಜಾಹೀರಾತಿನ 100 ಎಂಬಿಪಿಎಸ್ ಬಿಟ್ಟಿನ ಲೆಕ್ಕ, ಸಿನಿಮಾ ಫೈಲಿನ ಗಾತ್ರ ಬೈಟಿನ ಲೆಕ್ಕ. ಹಾಗಾಗಿ ಆ ಸಂಪರ್ಕದಲ್ಲಿ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 12.5 ಎಂಬಿ.

ಎಸ್ಸೆಮ್ಮೆಸ್ಸನ್ನು 1980ರ ದಶಕದಲ್ಲಿ ರೂಪಿಸಿದವರು ಯುರೋಪಿನ ಜಿಎಸ್‌ಎಂ ಮೊಬೈಲ್ ಮಾನಕದ ಎಂಜಿನಿಯರುಗಳು. ಫೋನ್ ಕರೆ ಜೋಡಿಸುವ ಸಿಗ್ನಲಿಂಗ್ ಹಾದಿಯ ಬಿಡುವಿನಲ್ಲೇ ಸಂದೇಶವನ್ನೂ ತೂರಿಸಬೇಕಿತ್ತು. ಸಿಕ್ಕ ಜಾಗ 140 ಬೈಟ್, ಅಂದರೆ 1120 ಬಿಟ್. ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಗೊತ್ತುಮಾಡುವುದೇ ಎನ್‌ಕೋಡಿಂಗ್. ಅವರ ಪಟ್ಟಿಯಲ್ಲಿದ್ದದ್ದು 128 ಸ್ಥಾನ. ಒಂದಕ್ಕೆ 7 ಬಿಟ್ ಸಾಕು. 1120ನ್ನು 7ರಿಂದ ಭಾಗಿಸಿದರೆ 160. ಗ್ರೀಕಿನ ಹತ್ತು ದೊಡ್ಡಕ್ಷರಗಳಿಗೂ ಅಲ್ಲಿ ಜಾಗವಿತ್ತು, ನಮ್ಮ ಒಂದು ಅಕ್ಷರಕ್ಕೂ ಇರಲಿಲ್ಲ.

ಕನ್ನಡ ಬೇಕೆಂದರೆ ಹಲವು ಲಿಪಿಗಳನ್ನು ಒಳಗೊಂಡ ಯುನಿಕೋಡ್ ಎಂಬ ದೊಡ್ಡ ಪಟ್ಟಿಯ ಮೊರೆ ಹೋಗಬೇಕು. ಅಲ್ಲಿ ‘ಕ’ದ ಸಂಖ್ಯೆ 3221. ಇಷ್ಟು ದೊಡ್ಡ ಸಂಖ್ಯೆ 7 ಬಿಟ್ಟಿನಲ್ಲಿ ಹಿಡಿಸದು. ಎಸ್ಸೆಮ್ಮೆಸ್ ಆಗ ಸಂದೇಶದ ಪ್ರತಿ ಅಕ್ಷರಕ್ಕೂ 16 ಬಿಟ್ ಕೊಡುತ್ತದೆ. 1120ನ್ನು 16ರಿಂದ ಭಾಗಿಸಿದರೆ ಸಿಗುವುದು 70.

ಆ ಎಪ್ಪತ್ತೂ ಪೂರ್ತಿ ನಮ್ಮ ಕೈಗೆ ಸಿಗುವುದಿಲ್ಲ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯುನಿಕೋಡಿಗೆ ಅದು ಸ, ಹಲಂತ ಚಿಹ್ನೆ, ತ, ಮತ್ತೆ ಹಲಂತ ಚಿಹ್ನೆ, ರ, ದೀರ್ಘ ಈಕಾರ ಹೀಗೆ ಆರು ಸಂಕೇತ, 12 ಬೈಟ್. ಒತ್ತಕ್ಷರ ಹೆಚ್ಚಿದಷ್ಟೂ ಜಾಗ ಕರಗುತ್ತದೆ. ಸಂದೇಶ ಒಡೆದಾಗಲಂತೂ ತುಂಡುಗಳನ್ನು ಮರಳಿ ಜೋಡಿಸುವ ಸೂಚನೆಗೂ ಜಾಗ ಬೇಕಾಗಿ, ತುಂಡಿಗೆ 67 ಸಂಕೇತ ಮಾತ್ರ ದಕ್ಕುತ್ತವೆ.

ವಾಟ್ಸ್ಯಾಪ್ ಡೇಟಾದ ಮೇಲೆ ಓಡುವುದರಿಂದ ಅಲ್ಲಿ ಈ ತೊಡಕಿಲ್ಲ. ಆದರೆ ಬ್ಯಾಂಕಿನ ಓಟಿಪಿ, ಬಟನ್ ಫೋನಿಗೆ ಬರುವ ಸೂಚನೆಗಳಿಗೆ ಇಂದಿಗೂ ಬಹುಮಟ್ಟಿಗೆ ಎಸ್ಸೆಮ್ಮೆಸ್ಸೇ ಗತಿ, ಕನ್ನಡ ಬೇಕಿರುವುದೂ ಅಲ್ಲೇ. ಇದಕ್ಕೆ ತಾಂತ್ರಿಕ ಪರಿಹಾರ ಇಲ್ಲದಿಲ್ಲ. ಕನ್ನಡಕ್ಕೂ 7 ಬಿಟ್ಟಿನ ಅಕ್ಷರಪಟ್ಟಿ ಅಂತರರಾಷ್ಟ್ರೀಯ ಮಾನಕದಲ್ಲಿ ಸೇರಿದೆ. ಕಳಿಸುವ ಫೋನು, ಪಡೆಯುವ ಫೋನು ಎರಡೂ ಅದನ್ನು ಅಳವಡಿಸಿಕೊಂಡರೆ, ಒಂದೇ ಸಂದೇಶದಲ್ಲಿ 150ಕ್ಕೂ ಹೆಚ್ಚು ಕನ್ನಡ ಸಂಕೇತಗಳು ಹಿಡಿಸುತ್ತವೆ.