ಚಳಿಗಾಲದ ಟೈರು ನಮಗೇಕೆ?

ಯುರೋಪಿನ ಹಲವೆಡೆ ಚಳಿಗಾಲ ಬಂತೆಂದರೆ ಕಾರಿನ ಟೈರು ಬದಲಿಸುತ್ತಾರೆ. ಉಷ್ಣತೆ ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆ ಟೈರಿನ ರಬ್ಬರು ಗಡುಸಾಗಿ ಹಿಡಿತ ಬಿಡುತ್ತದೆ. ಬೈಲಹೊಂಗಲ, ರಾಮದುರ್ಗದ ಕಡೆ ಅಂಥ ಚಳಿ ಎಲ್ಲಿಯದು? ಮೆತ್ತನೆಯ ಚಳಿಗಾಲದ ಟೈರು ನಮ್ಮ ಏಪ್ರಿಲ್ ಬಿಸಿಲಿನ ಡಾಂಬರಿಗೆ ಬೇಗ ಸವೆದೀತು.

ನಮ್ಮ ಪರೀಕ್ಷೆ ಮಳೆಗಾಲದ್ದು. ಕಿತ್ತೂರಿನ ಹೆದ್ದಾರಿಯಲ್ಲಿ ನಿಂತ ನೀರನ್ನು ಟೈರಿನ ಕಚ್ಚುಗಳು ಹೊರದೂಡಬೇಕು. ಸವೆದಿದ್ದರೆ ಗಾಲಿ ನೀರಿನ ಮೇಲೆ ತೇಲಿ, ಬ್ರೇಕಿಗೂ ಬಗ್ಗದು. ಕಾನೂನು ಕೇಳುವುದು 1.6 ಮಿಲಿಮೀಟರ್ ಆಳ. ಮಳೆಗೆ 3 ಇದ್ದರೆ ಲೇಸು. ಹೊಲದ ದಾರಿಯ ಎರೆಮಣ್ಣಿನಲ್ಲಂತೂ ದುಬಾರಿ ಟೈರೂ ಜಾರೀತು. ಅಲ್ಲಿಗೆ ಚಕ್ಕಡಿಯೇ ವಾಸಿ!

ಹುಣ್ಣಿಮೆಗೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಡುವವರು ಹವಾ ನೋಡಿಸಿಕೊಳ್ಳಲಿ. ಹವಾ ಕಡಿಮೆಯಾಗಿ ಭಾರ ಹೆಚ್ಚಿದರೆ ಟೈರು ಒಳಗೊಳಗೇ ಕಾದು ಒಡೆಯುತ್ತದೆ.