ಬೇಲಿಯ ಹೊರಗಿನ ಮನೆಗೆ ನೋಟೀಸು ಬರುವುದಿಲ್ಲ



ಸಂಘದ ವಾರದ ಸಭೆಯಲ್ಲಿ ಉಳಿತಾಯ, ಸಾಲದ ಕಂತು, ಲೆಕ್ಕ ಎಲ್ಲಾ ಮುಗಿದ ಮೇಲೆ ಊರಿನ ಸುದ್ದಿ ಬರುವುದು ಸಹಜ. "ಗುಡ್ಡೆಗೆ ಸರ್ವೆಯವರು ಬಂದಿದ್ದರಂತೆ, ಫ್ಯಾಕ್ಟರಿ ಬರ್ತದಂತೆ" ಎಂದು ಒಬ್ಬರು ಹೇಳುತ್ತಾರೆ. "ನಮ್ಮ ಜಾಗ ಹೋಗುದಿಲ್ಲವಲ್ಲ, ನಮಗೆ ಎಂಥದು?" ಎಂದು ಇನ್ನೊಬ್ಬರು ಹೇಳಿದ ಕೂಡಲೇ ಮಾತು ಅಲ್ಲಿಗೇ ನಿಲ್ಲುತ್ತದೆ.

ಈ ಎರಡನೇ ಮಾತಿನ ಬಗ್ಗೆ ಸ್ವಲ್ಪ ಯೋಚಿಸೋಣ. ಜಾಗ ಹೋಗುವವರಿಗೆ ಸರಕಾರದಿಂದ ನೋಟೀಸಾದರೂ ಬರುತ್ತದೆ, ಪರಿಹಾರದ ಹಣವೂ ಬರುತ್ತದೆ. ಜಾಗ ಹೋಗದೆ ಕಾರ್ಖಾನೆಯ ಕಾಂಪೌಂಡಿನ ಪಕ್ಕದಲ್ಲೇ ಉಳಿಯುವವರಿಗೆ ಎರಡೂ ಇಲ್ಲ. ಹುಡಿ, ಹೊಗೆ, ವಾಸನೆ, ಲಾರಿಗಳ ಓಡಾಟ ಮಾತ್ರ ಅವರ ಪಾಲಿಗೆ. ಬಾವಿ ನೀರಿನ ಬಣ್ಣ ಬದಲಾದರೆ ಮೊದಲು ಗೊತ್ತಾಗುವುದು ನೀರು ಸೇದುವ ನಮಗೇ. ಆಗ ಹೋಗಿ ಕೇಳಿದರೆ "ಇದು ಕೈಗಾರಿಕಾ ವಲಯ ಅಲ್ಲವಾ?" ಎಂಬ ಉತ್ತರ ಸಿಗುತ್ತದೆ.

ವಲಯ ಎಂದರೆ ಏನು?

ನಗರ ಮತ್ತು ಅದರ ಸುತ್ತಲಿನ ಹಳ್ಳಿಗಳಿಗೆ ಒಂದು ಯೋಜನಾ ಪ್ರಾಧಿಕಾರ ಇರುತ್ತದೆ. ಮಂಗಳೂರಿನವರು ಅದನ್ನು 'ಮುಡಾ' ಎನ್ನುತ್ತಾರೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಅದು ಮಾಸ್ಟರ್ ಪ್ಲಾನ್ ಎಂಬ ನಕ್ಷೆ ತಯಾರಿಸುತ್ತದೆ. ನಕ್ಷೆಯಲ್ಲಿ ಹಳದಿ ಬಣ್ಣ ವಸತಿಗೆ, ನೀಲಿ ವ್ಯಾಪಾರಕ್ಕೆ, ನೇರಳೆ ಕೈಗಾರಿಕೆಗೆ, ಹಸಿರು ಕೃಷಿಗೆ. ನಿಮ್ಮ ಮನೆ, ಅಂಗನವಾಡಿ, ಚರ್ಚ್, ಸಿಮಿತ್ರಿ, ದೈವಸ್ಥಾನ, ಮಸೀದಿ ಎಲ್ಲವೂ ಯಾವುದೋ ಒಂದು ಬಣ್ಣದ ಮೇಲೆ ಇರುತ್ತವೆ. ನಕ್ಷೆ ಪ್ರಕಟವಾದ ಮೇಲೆ ಸಾರ್ವಜನಿಕರು ಅಭಿಪ್ರಾಯ ಹೇಳಲು 60 ದಿನಗಳ ಅವಕಾಶ ಇದೆ. ಅಭಿಪ್ರಾಯ ಹೇಳಲು ಜಾಗದ ಮಾಲೀಕರೇ ಆಗಬೇಕೆಂದಿಲ್ಲ, ಬಾಡಿಗೆ ಮನೆಯಲ್ಲಿ ಇರುವವರೂ ಬರೆಯಬಹುದು. ಮುಂದೆ ನಕ್ಷೆಯ ಒಂದು ತುಂಡಿನ ಬಣ್ಣ ಮಾತ್ರ ಬದಲಿಸುವುದಿದ್ದರೂ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಆದರೆ ಇದರ ಗಡುವು ಸಣ್ಣದು, ಪ್ರಕಟಣೆಯೂ ಸಣ್ಣದು, ಹೆಚ್ಚಾಗಿ ಯಾರೂ ಓದದ ಪುಟದಲ್ಲಿ ಇರುತ್ತದೆ.

ನಕ್ಷೆಯ ಹಂತದಲ್ಲೇ ಜನ ಎದ್ದು ನಿಂತದ್ದಕ್ಕೆ ನಮ್ಮ ನೆರೆಯ ಗೋವಾ ಒಳ್ಳೆಯ ಉದಾಹರಣೆ. ಅಲ್ಲಿ 2006ರಲ್ಲಿ 'ಪ್ರಾದೇಶಿಕ ಯೋಜನೆ 2011' ಹೊರಬಂದಾಗ ಗದ್ದೆ, ತೋಟ, ಗುಡ್ಡಗಳ ಬಣ್ಣವೇ ಬದಲಾಗಿರುವುದು ಜನರಿಗೆ ಗೊತ್ತಾಯಿತು. ಊರೂರಲ್ಲಿ ಸಭೆ ನಡೆಯಿತು, ಚರ್ಚಿನವರೂ ದನಿಗೂಡಿಸಿದರು. 2007ರಲ್ಲಿ ಸರಕಾರ ಆ ಯೋಜನೆಯನ್ನು ಹಿಂತೆಗೆದುಕೊಂಡಿತು. ಅಲ್ಲಿ ಇನ್ನೂ ಒಂದು ಯಂತ್ರವೂ ಬಂದಿರಲಿಲ್ಲ ಎಂಬುದನ್ನು ಗಮನಿಸಿ.

ಕೆಐಎಡಿಬಿ ದಾರಿ

ನಮ್ಮ ರಾಜ್ಯದಲ್ಲಿ ಕಾರ್ಖಾನೆಗಳಿಗೆ ಜಾಗ ಮಾಡಿಕೊಡಲು ಇನ್ನೊಂದು ದಾರಿ ಉಂಟು. ಅದು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ. ಇದರ 28ನೇ ಕಲಮನ್ನು ಸಂಘದ ಒಬ್ಬರಾದರೂ ತಿಳಿದಿರಬೇಕು. 28(1) ಎಂದರೆ "ಈ ಜಾಗ ಬೇಕಾಗಿದೆ" ಎಂಬ ಮೊದಲ ಅಧಿಸೂಚನೆ. ಆಮೇಲೆ ಮಾಲೀಕರಿಗೂ, ಜಾಗದಲ್ಲಿ ಇರುವವರಿಗೂ, ಹಕ್ಕು ಇರುವವರಿಗೂ ನೋಟೀಸು ಕೊಟ್ಟು ಆಕ್ಷೇಪಣೆ ಹೇಳಲು 30 ದಿನ ಕೊಡುತ್ತಾರೆ, ವಿಚಾರಣೆ ಮಾಡುತ್ತಾರೆ. 28(4) ಎಂದರೆ ಅಂತಿಮ ಅಧಿಸೂಚನೆ. ಅದು ಹೊರಬಿದ್ದರೆ ಜಾಗ ಸರಕಾರದ್ದು. ಅಲ್ಲಿಂದ ಮುಂದೆ ಮಾತೆಲ್ಲ ಪರಿಹಾರದ ಮೊತ್ತದ ಬಗ್ಗೆ, ಇಲ್ಲವಾದರೆ ಕೋರ್ಟಿನಲ್ಲಿ.

ಮಂಗಳೂರಿನ ವಿಶೇಷ ಆರ್ಥಿಕ ವಲಯದ ಕಥೆ ನಮ್ಮಲ್ಲಿ ಅನೇಕರಿಗೆ ನೆನಪಿದೆ. ಬಜ್ಪೆ, ಪೆರ್ಮುದೆ, ಕಳವಾರು ಕಡೆಯ ಭೂಮಿ ಮೊದಲ ಹಂತದಲ್ಲಿ ಹೋಯಿತು. ಎಷ್ಟೋ ಮನೆಯವರು ಪರಿಹಾರ ತೆಗೆದುಕೊಂಡು ಬೇರೆಡೆ ಹೋದರು, ಅವರನ್ನು ದೂರುವ ಹಾಗಿಲ್ಲ. ಕಳವಾರಿನಲ್ಲಿ ಬಿಟ್ಟುಕೊಡಲು ಒಪ್ಪದ ಕುಟುಂಬವೊಂದರ ಮನೆಯನ್ನು 2010ರಲ್ಲಿ ಕೆಡವಲಾಯಿತು. ಆದರೆ ಎರಡನೇ ಹಂತಕ್ಕೆಂದು ಗುರುತಿಸಿದ್ದ ಪೆರ್ಮುದೆ, ಕುತ್ತೆತ್ತೂರು, ತೆಂಕ ಎಕ್ಕಾರು, ದೇಲಂತಬೆಟ್ಟು ಗ್ರಾಮಗಳ 2,035 ಎಕರೆಯನ್ನು 2011ರಲ್ಲಿ ಸರಕಾರ ಕೈಬಿಟ್ಟಿತು. ಮೊದಲ ಹಂತದಲ್ಲಿ ಆದದ್ದನ್ನು ಈ ಊರಿನವರು ಕಣ್ಣಾರೆ ಕಂಡಿದ್ದರು, ಹಾಗಾಗಿ ಕಾಗದ ಬಂದ ದಿನದಿಂದಲೇ ಎಚ್ಚರವಾಗಿದ್ದರು. ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥ ಸ್ವಾಮೀಜಿಯವರೂ ರೈತರ ಪರ ಮಾತಾಡಿದರು. ಜಾಗ ಉಳಿಸುವ ಕೆಲಸ ಚರ್ಚಿನ ಮೆಟ್ಟಿಲಲ್ಲಿ ಮಾತ್ರ ಆಗುವಂಥದ್ದಲ್ಲ. ಒಂದು ಊರಿನಲ್ಲಿ ನಾಗಬನವೂ ಹೋಗುತ್ತದೆ, ಶಿಲುಬೆಯ ಕಟ್ಟೆಯೂ ಹೋಗುತ್ತದೆ.

ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಗಾಗಿ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಆ ಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿಯವರು ಹೇಳಬೇಕಾಯಿತು. ಧರಣಿಯಲ್ಲಿ ಹೆಂಗಸರೂ ಇದ್ದರು.

ಇನ್ನು ಬೇಲಿಯ ಹೊರಗಿನವರ ವಿಷಯ. ಕಳವಾರು, ಜೋಕಟ್ಟೆಯ ಜನ ಕೋಕ್ ಹುಡಿಯ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಮನೆಗಳಿಗೂ ಘಟಕಕ್ಕೂ ನಡುವೆ ಹಸಿರು ವಲಯ ಬೇಕು ಎಂದು ಕೇಳಿದರು. ನ್ಯಾಯವಾದ ಬೇಡಿಕೆಯೇ. ಆದರೆ ಘಟಕ ಎದ್ದು ನಿಂತ ಮೇಲೆ ಕೇಳುವುದು ಎಷ್ಟು ಕಷ್ಟ ಎಂದು ಅವರನ್ನೇ ಕೇಳಬೇಕು.

ಸಾರ್ವಜನಿಕ ಅಹವಾಲು ಸಭೆ

ನೋಟೀಸು ಬಾರದವರೂ ಮಾತಾಡಬಹುದಾದ ಜಾಗ ಇದು. 2006ರ ಪರಿಸರ ಅಧಿಸೂಚನೆಯಂತೆ ಅನೇಕ ದೊಡ್ಡ ಕೈಗಾರಿಕೆಗಳಿಗೆ ಅನುಮತಿ ಕೊಡುವ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಯು ಸ್ಥಳದ ಹತ್ತಿರವೇ ಸಭೆ ಕರೆಯಬೇಕು. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಹಾಕಬೇಕು. ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು, ಪಂಚಾಯತ್, ಜಿಲ್ಲಾಧಿಕಾರಿ ಕಚೇರಿಗಳಲ್ಲಿ ನೋಡಲು ಸಿಗಬೇಕು. ಸಭೆಯ ವಿಡಿಯೋ ಆಗಬೇಕು.

ಎರಡು ಮಾತು ಮಾತ್ರ ಗಟ್ಟಿಯಾಗಿ ನೆನಪಿಡಿ. ಈ ಸಭೆಗೆ ಕೋರಂ ಇಲ್ಲ. ನಮ್ಮ ಸಂಘದ ಸಭೆಯಲ್ಲಿ ಸದಸ್ಯೆಯರು ಕಡಿಮೆ ಬಂದರೆ ನಿರ್ಣಯ ಮಾಡುವುದಿಲ್ಲ. ಅಲ್ಲಿ ಹತ್ತೇ ಜನ ಬಂದರೂ ಸಭೆ ಆಯಿತು ಎಂದೇ ಬರೆಯುತ್ತಾರೆ. ಬಹಿಷ್ಕಾರ ಹಾಕಿ ಮನೆಯಲ್ಲಿ ಕೂತರೆ ನಮ್ಮ ಮಾತು ಕಡತಕ್ಕೆ ಹೋಗುವುದೇ ಇಲ್ಲ. ಎರಡನೆಯದು, ಅದು ವೋಟು ಹಾಕುವ ಸಭೆ ಅಲ್ಲ. "ಬೇಡ, ಬೇಡ" ಎಂದು ಕೂಗಿದರೆ "ವಿರೋಧ ವ್ಯಕ್ತವಾಯಿತು" ಎಂದು ಒಂದು ಸಾಲು. "ಗೇಟಿನಿಂದ ಶಾಲೆಗೆ ಇಷ್ಟು ದೂರ, ನಡುವೆ ಇಷ್ಟು ಬಾವಿ, ಇಷ್ಟು ಮನೆ, ಮಳೆಗಾಲದಲ್ಲಿ ಈ ತೋಡಿನ ನೀರು ಈ ಗದ್ದೆಗೆ ಬರುತ್ತದೆ, ಚರ್ಚಿಗೆ ನಡೆದು ಬರುವ ದಾರಿ ಇದೇ" ಎಂದು ಹೇಳಿದರೆ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಈ ಲೆಕ್ಕ ಯಾವ ಇಂಜಿನಿಯರಿಗಿಂತಲೂ ನಮಗೆ ಚೆನ್ನಾಗಿ ಗೊತ್ತು.

ಒಂದು ಇಡೀ ಕೈಗಾರಿಕಾ ಪಾರ್ಕಿಗೆ ಮೊದಲೇ ಅಹವಾಲು ಸಭೆ ನಡೆದು ಅನುಮತಿ ಸಿಕ್ಕಿದ್ದರೆ, ಆಮೇಲೆ ಅದರೊಳಗೆ ಬರುವ ಒಂದೊಂದು ಕಾರ್ಖಾನೆಗೆ ಮತ್ತೆ ಸಭೆ ಕರೆಯಬೇಕಾಗಿ ಬರುವುದಿಲ್ಲ. ಅದಕ್ಕೇ ಮೊದಲ ಸಭೆ ತಪ್ಪಿಸಬಾರದು.

ಚರ್ಚ್ ಕೈಗಾರಿಕೆಗೆ ವಿರೋಧವಾ ಎಂದು ಕೆಲವರು ಕೇಳುತ್ತಾರೆ. ಅಲ್ಲ. ನಮ್ಮ ಮಕ್ಕಳಿಗೂ ಕೆಲಸ ಬೇಕು. ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಹೇಳಿದ್ದು ಇಷ್ಟೇ: ಪರಿಸರದ ಮೇಲಿನ ಪರಿಣಾಮವನ್ನು ಯೋಜನೆ ತಯಾರಾದ ಮೇಲೆ ನೋಡುವುದಲ್ಲ, ಮೊದಲೇ ನೋಡಬೇಕು, ಆ ಮಾತುಕತೆಯಲ್ಲಿ ಸ್ಥಳೀಯರಿಗೆ ವಿಶೇಷ ಸ್ಥಾನ ಇರಬೇಕು.

ಸಂಘ ಏನು ಮಾಡಬಹುದು?

ಸುದ್ದಿ ಕೇಳಿದ ವಾರವೇ ಪಂಚಾಯತಿಗೆ ಹೋಗಿ ವಿಚಾರಿಸಿ. ಅಲ್ಲಿ "ನಮಗೆ ಗೊತ್ತಿಲ್ಲ" ಎಂದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. 30 ದಿನಗಳಲ್ಲಿ ಉತ್ತರ ಕೊಡಬೇಕು. ಅರ್ಜಿಯಲ್ಲಿ ಸರ್ವೆ ನಂಬರ್ ಬರೆಯದಿದ್ದರೆ ಉತ್ತರ ಅಡ್ಡದಾರಿ ಹಿಡಿಯುತ್ತದೆ, ಪಹಣಿ ನೋಡಿಯೇ ಬರೆಯಿರಿ. ಪಹಣಿ ನೋಡುವಾಗ ಅದರಲ್ಲಿ ಯಾರ ಹೆಸರು ಇದೆ ಎಂದೂ ನೋಡಿ. ಗಂಡ ತೀರಿಹೋಗಿ ವರ್ಷಗಳಾದರೂ ಮಾವನ ಹೆಸರೇ ಇರುವ ಮನೆಗಳು ನಮ್ಮ ಸಂಘಗಳಲ್ಲಿ ಬೇಕಷ್ಟಿವೆ. ನೋಟೀಸು ಬರುವುದೂ, ಪರಿಹಾರ ಹೋಗುವುದೂ ಹೆಚ್ಚಾಗಿ ಆ ದಾಖಲೆ ನೋಡಿಯೇ.

ಆಕ್ಷೇಪಣೆಯನ್ನು ಒಬ್ಬೊಬ್ಬರೂ ಬೇರೆ ಬೇರೆ ಕೊಡಿ, ಸಂಘದ ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಅದರ ಪ್ರತಿಯನ್ನೂ ಕೊಡಿ. ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿಯಲ್ಲಿ ಬರೆದದ್ದನ್ನು ಅಲ್ಲೇ ಓದಿಸಿ ಕೇಳಿ. ಚರ್ಚ್ ಪಾಲನಾ ಮಂಡಳಿಗೂ ತಿಳಿಸಿ. ಫಾದರ್ ಒಬ್ಬರೇ ಬರೆದರೆ ಒಂದು ಪತ್ರ, ಇಪ್ಪತ್ತು ಸಂಘ ಬರೆದರೆ ಇಪ್ಪತ್ತು. ಖಾಲಿ ಕಾಗದಕ್ಕಾಗಲಿ, ಓದಿ ಹೇಳದ ಕಾಗದಕ್ಕಾಗಲಿ ಸಹಿ, ಹೆಬ್ಬೆಟ್ಟು ಹಾಕಬೇಡಿ. "ಉದ್ಯೋಗಕ್ಕೆ ಅರ್ಜಿ" ಎಂದು ಹೇಳಿ ತಂದರೂ ಓದಿಸಿ. ಕೊಟ್ಟ ಪ್ರತಿಯೊಂದು ಅರ್ಜಿಗೂ ತಾರೀಕು, ಸೀಲು ಹಾಕಿಸಿಕೊಂಡ ಪ್ರತಿಯನ್ನು ಪಾಸ್ ಬುಕ್ಕಿನ ಜೊತೆ ಸಂಘದ ಪೆಟ್ಟಿಗೆಯಲ್ಲೇ ಇಡಿ, ಯಾರ ಮನೆಯ ಕಪಾಟಿನಲ್ಲೂ ಬೇಡ.