ಹೆಸರಿನಲ್ಲಿ ಉಳಿದ ಹುಬ್ಬಳ್ಳಿ

ಹುಬ್ಬಳ್ಳಿಯ ಹೆಸರನ್ನು ದೂರದೇಶಗಳ ವರೆಗೆ ಒಯ್ದವರಾರೆಂದು ಕೇಳಿದರೆ ನಮ್ಮ ಪಟ್ಟಣಿಗರು ಹತ್ತಿಯ ಪೇಟೆಯನ್ನೂ ರೇಲ್ವೆಯ ಕಾರಖಾನೆಯನ್ನೂ ಸಿದ್ಧಾರೂಢರ ಮಠವನ್ನೂ ತೋರಿಸುವರು. ಆ ಊರನ್ನೇ ಅಡ್ಡಹೆಸರಾಗಿ ಧರಿಸಿ, ಮರಾಠಿ ಮತ್ತು ಹಿಂದಿ ವಾಕ್ಚಿತ್ರಗಳಲ್ಲಿ ಮೆರೆದ ಶಾಂತಾ ಹುಬಳೀಕರ ಎಂಬ ನಟಿಯನ್ನು ನೆನೆಯುವವರು ವಿರಳ. ವಾಚಕರಲ್ಲಿ ಅನೇಕರು ಆ ಹೆಸರನ್ನು ಕೇಳಿ, ಇವರಾರೋ ಮಹಾರಾಷ್ಟ್ರದ ಬಾಯಿಯವರೆಂದು ತಿಳಿದಿದ್ದರೆ ನಾವು ಆಶ್ಚರ್ಯಪಡಲಾರೆವು.

ಶಾಂತಾಬಾಯಿಯವರು 1914 ರಲ್ಲಿ ಹುಬ್ಬಳ್ಳಿಗೆ ಸಮೀಪದ ಅದರಗುಂಚಿಯಲ್ಲಿ ಹುಟ್ಟಿದರು. ಮನೆಯಲ್ಲಿ ಇಟ್ಟ ಹೆಸರು ರಾಜಮ್ಮ. ಅಚ್ಚಕನ್ನಡದ ರಾಜಮ್ಮ ಮರಾಠಿಯ ಶಾಂತಾಬಾಯಿಯಾದದ್ದೇಕೆ? ಇದಕ್ಕೆ ಅವರನ್ನು ದೂರುವದು ನ್ಯಾಯವಲ್ಲ. ಆಗ ಹುಬ್ಬಳ್ಳಿಯು ಮುಂಬಯಿ ಇಲಾಖೆಯೊಳಗಿನ ಊರು. ಕಂಠವೂ ರೂಪವೂ ಉಳ್ಳವರು ಅನ್ನವನ್ನು ಹುಡುಕಿ ಉತ್ತರಕ್ಕೇ ಮುಖಮಾಡಬೇಕಾಗಿತ್ತು. ಹೆಚ್ಚೇಕೆ, 1934 ರಲ್ಲಿ ಹೊರಬಂದ ಕನ್ನಡದ ಮೊದಲ ವಾಕ್ಚಿತ್ರ 'ಸತೀ ಸುಲೋಚನಾ' ಕೂಡ ಕೊಲ್ಲಾಪುರದ ಸ್ಟುಡಿಯೋದಲ್ಲಿಯೇ ತಯಾರಾಯಿತು! ತನ್ನ ಮಾತಿಗೇ ಪರಸ್ಥಳದ ಆಸರೆಯನ್ನು ಬೇಡಿದ ನಾಡು ತನ್ನ ಮಗಳನ್ನು ಹಿಡಿದು ನಿಲ್ಲಿಸುವದೆಂತು? ಬೀಳಗಿಯ ಅಮೀರಬಾಯಿಯವರೂ ಇದೇ ದಾರಿಯನ್ನು ಹಿಡಿದು, 'ಕರ್ನಾಟಕಿ' ಎಂಬ ಉಪನಾಮದಿಂದಲೇ ಹಿಂದಿಯಲ್ಲಿ ಹಾಡಿ ಹೆಸರಾದರು. ಊರನ್ನು ಬಿಟ್ಟವರು ಊರಿನ ಹೆಸರನ್ನು ಬಿಡಲಿಲ್ಲವೆಂಬದನ್ನು ಗಮನಿಸತಕ್ಕದ್ದು.

ಆರಂಭದ ಕೆಲವು ಚಿತ್ರಗಳ ವಿಷಯವಾಗಿ ಇಲ್ಲಿ ವಿಸ್ತರಿಸಬೇಕಾದದ್ದಿಲ್ಲ. ಪುಣೆಯ ಪ್ರಭಾತ ಕಂಪನಿಯವರು 1938 ರಲ್ಲಿ 'ಮಾಝಾ ಮುಲಗಾ' ಎಂಬ ಚಿತ್ರದಲ್ಲಿ ಅವರಿಗೆ ಪಾತ್ರವನ್ನು ಕೊಟ್ಟರು. ಮರುವರ್ಷವೇ ವ್ಹಿ. ಶಾಂತಾರಾಮರ 'ಮಾಣೂಸ' ಬಂದಿತು. ಅದರ ಹಿಂದಿಯ ರೂಪವೇ 'ಆದ್ಮಿ'. ಒಂದೇ ಕಥೆಯನ್ನು ಎರಡು ಭಾಷೆಗಳಲ್ಲಿ ಚಿತ್ರಿಸುವದು ಪ್ರಭಾತದವರ ರೂಢಿ. ಹೀಗಾಗಿ ಈ ಕನ್ನಡತಿಯು ತನ್ನದಲ್ಲದ ಎರಡು ಭಾಷೆಗಳಲ್ಲಿ, ಒಂದೇ ದುಃಖವನ್ನು ಎರಡು ಬಾರಿ ನಟಿಸಬೇಕಾಯಿತು.

ಪಾತ್ರವಾದರೂ ಎಂಥದು? ವೇಶ್ಯಾವಾಟಿಕೆಯ ಮೈನಾ. ಶಾಹೂ ಮೋಡಕರು ಆಡಿದ ಗಣಪತನೆಂಬ ಪೋಲೀಸ ಸಿಪಾಯಿಯು ಅವಳನ್ನು ಮೆಚ್ಚಿ, ಮಾನದ ಬಾಳಿಗೆ ತರಲೆಳಸುತ್ತಾನೆ. 1935 ರ 'ದೇವದಾಸ'ವನ್ನು ಕಂಡು ತರುಣರು ಮದ್ಯವನ್ನೂ ಮರಣವನ್ನೂ ಪ್ರೇಮದ ಲಕ್ಷಣಗಳೆಂದು ಬಗೆಯತೊಡಗಿದ್ದಾಗ, ಬದುಕುವದೇ ಮನುಷ್ಯನ ಧರ್ಮವೆಂದು ಮರುನುಡಿದ ಚಿತ್ರವಿದು. ಆ ಉತ್ತರದ ಭಾರವನ್ನು ಹೊತ್ತವಳು ಮೈನಾ ಎಂಬದೇ ನಮ್ಮ ಅಭಿಪ್ರಾಯ. ಕೊಲೆಯ ಅಪರಾಧಕ್ಕೆ ಸಿಲುಕಿದ ಅವಳನ್ನು ಪಾರುಮಾಡಲು ಗಣಪತನು ಮುಂದಾದರೆ ಅವಳು ಒಪ್ಪುವದಿಲ್ಲ. ಶಿಕ್ಷೆಯನ್ನು ತಾನೇ ಆರಿಸಿಕೊಳ್ಳುತ್ತಾಳೆ. ಆ ಸಮಯದಲ್ಲಿ ಶಾಂತಾಬಾಯಿಯವರ ಮುಖದಲ್ಲಿ ಅಳುವಿಲ್ಲ, ಆರ್ಭಟವಿಲ್ಲ. ಕಂಪನಿ ನಾಟಕಗಳ ಎದೆಬಡಿತವನ್ನು ನೋಡಿ ಬೆಳೆದ ಪ್ರೇಕ್ಷಕರಿಗೆ ಇದು ಹೊಸದಾಗಿ ಕಂಡಿರಬೇಕು. ಸಿನೇಮಾವನ್ನು ಅಷ್ಟಾಗಿ ಮೆಚ್ಚದ ನಾವು ಕೂಡ ಈ ಭಾಗವನ್ನು ಎರಡನೆಯ ಸಲ ನೋಡಿದೆವೆಂದು ಒಪ್ಪಿಕೊಳ್ಳುತ್ತೇವೆ.

ಜನರು ನೆನಪಿನಲ್ಲಿಟ್ಟದ್ದು ಮಾತ್ರ ಹಾಡನ್ನು. 'ಕಶಾಲಾ ಉದ್ಯಾಚೀ ಬಾತ', ನಾಳಿನ ಮಾತೇಕೆಂದು ಕೇಳುವ ಆ ಗೀತಕ್ಕೆ ರಾಗವನ್ನು ಕೂಡಿಸಿದವರು ಮಾಸ್ತರ ಕೃಷ್ಣರಾವ, ಹಾಡಿದವರು ಶಾಂತಾಬಾಯಿಯವರೇ. ಬಂದ ಗಿರಾಕಿಗೆ ಅವನವನ ಭಾಷೆಯಲ್ಲಿಯೇ ಹಾಡಿ ರಮಿಸುವಂತೆ ಅದನ್ನು ರಚಿಸಿದ್ದಾರೆ. ಹಿಂದುಸ್ತಾನದ ಭಾಷೆಗಳೆಲ್ಲ ಅವಳ ಅಂಗಳದಲ್ಲಿ ಸೇರುತ್ತವೆ. ನಗುವವರು ಅವರು, ನಗಿಸುವವಳು ಇವಳು. ಆ ನಗೆಯ ಕೆಳಗಿನ ಬಳಲಿಕೆಯನ್ನು ಕಾಣದೆ ಚಪ್ಪಾಳೆ ತಟ್ಟಿದವರೇ ಬಹಳ.

ಕನ್ನಡವು ಅವರನ್ನು ಒಮ್ಮೆ ಕರೆಯಿತು. ಗುಬ್ಬಿ ವೀರಣ್ಣನವರು 1942 ರಲ್ಲಿ ಹೊರತಂದ 'ಜೀವನ ನಾಟಕ'ದಲ್ಲಿ ಬಿ. ಜಯಮ್ಮ, ಕೆಂಪರಾಜ ಅರಸು ಇವರ ಜೊತೆಗೆ ಶಾಂತಾಬಾಯಿಯವರೂ ನಟಿಸಿದರು. ಚಿತ್ರಕ್ಕೆ ಲೇಖಣಿಯನ್ನು ಹಿಡಿದವರು ಅ.ನ. ಕೃಷ್ಣರಾಯರು. ಮೈಸೂರು ಸೀಮೆಯ ರಂಗಭೂಮಿ ಹುಬ್ಬಳ್ಳಿಯ ಮಗಳಿಗೆ ಬಾಗಿಲನ್ನು ತೆರೆಯಿತೆಂದು ಸಂತೋಷಪಡಬೇಕು. ಏಕೀಕರಣವಾಗಲು ಇನ್ನೂ ಹದಿನಾಲ್ಕು ವರ್ಷಗಳಿದ್ದವು.

ಮುಂದಿನದನ್ನು ಹೇಳುವಾಗ ಕೈ ತಡೆಯುತ್ತದೆ. ಚಿತ್ರಗಳು ಕಡಿಮೆಯಾದವು, ಹೆಸರು ಮಾಸಿತು. ಪ್ರಭಾತದ ಕಂಪನಿಯೂ ಮುಚ್ಚಿತು. ಅದರ ಆವರಣದಲ್ಲಿ 1960 ರಲ್ಲಿ ಸರಕಾರದವರು ಚಲಚ್ಚಿತ್ರದ ವಿದ್ಯಾಶಾಲೆಯನ್ನು ತೆರೆದರು. ಆ ಅಂಗಳದಲ್ಲಿ ಮೈನಾಳಾಗಿ ನಿಂತಿದ್ದಾಕೆ ಮುಪ್ಪಿನಲ್ಲಿ ಆಶ್ರಮವೊಂದರ ಆಸರೆಯನ್ನು ಪಡೆಯಬೇಕಾಯಿತು. ತಮ್ಮ ಆತ್ಮಕಥೆಗೆ ಅವರು ಆ ಹಾಡಿನ ಮಾತನ್ನೇ ಹೆಸರಾಗಿಟ್ಟರು. ನಾಳೆಯ ಗೊಡವೆ ಏಕೆಂದು ಇಪ್ಪತ್ತೈದರ ಹರೆಯದಲ್ಲಿ ಪರರ ವಿನೋದಕ್ಕಾಗಿ ಹಾಡಿದ್ದನ್ನು ಎಪ್ಪತ್ತು ದಾಟಿದ ಮೇಲೆ ತಮ್ಮ ಬಾಳಿನ ನೆತ್ತಿಯ ಮೇಲೆ ಬರೆದರು. ಪುಸ್ತಕವನ್ನು ಬರೆದದ್ದು ಮರಾಠಿಯಲ್ಲಿ. 1992 ರ ಜುಲೈಯಲ್ಲಿ ಅವರು ತೀರಿಕೊಂಡಾಗ ಪುಸ್ತಕದ ಮೇಲೂ ಚಿತ್ರದ ಮೇಲೂ ಇದ್ದದ್ದು ಆ ಹುಬ್ಬಳ್ಳಿಯ ಹೆಸರೇ.